ಒಂಟಿ ದ್ವೀಪದಲ್ಲಿ ಒಂಟಿಯಾಗಿರ್ಲಿಕ್ಕೆ ಆಗುದಿಲ್ಲ

(ಟ್ರಿಸ್ಟನ್ ಡ ಕುನ್ಹಾ ಅನ್ನುವ ಜ್ವಾಲಾಮುಖಿ ದ್ವೀಪಕ್ಕೆ ಹೋಗಿಬಂದ ಬಗ್ಗೆ ಉಡುಪಿಯಲ್ಲಿ ಒಂದು ಸಂಜೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿ ನಾನೇ ಕೂತು ಟೈಪ್ ಮಾಡಿದೆ. ಸ್ಕ್ರೀನ್ ತೋರಿಸಿ "ಇಲ್ಲಿ ನೋಡಿ" ಅಂದ ಕಡೆಯೆಲ್ಲ ಸ್ವಲ್ಪ ಸರಿ ಮಾಡಿದ್ದೇನೆ, ಉಳಿದದ್ದು ಬಾಯಿಗೆ ಬಂದ ಹಾಗೇ ಉಂಟು.)

ನಮಸ್ಕಾರ ಎಲ್ಲರಿಗೂ. ಹಿಂದಿನವರಿಗೆ ಕೇಳ್ತದಾ? ಸರಿ.

ಮೊದಲು ಒಂದು ತಿದ್ದುಪಡಿ. ನನ್ನ ಪರಿಚಯ ಮಾಡುವಾಗ ಜ್ವಾಲಾಮುಖಿ ತಜ್ಞರು ಅಂತ ಹೇಳಿಬಿಟ್ರು. ನಾನು ತಜ್ಞ ಅಲ್ಲ ಮಾರಾಯ್ರೆ, ಹಡಗಿನ ಇಂಜಿನ್ ರೂಮಲ್ಲಿ ಇಪ್ಪತ್ತಾರು ವರ್ಷ ಕೈಯಿಂದ ಗ್ರೀಸ್ ಒರೆಸಿದವ. ಕಲ್ಲು ಮಣ್ಣಿನ ಬಗ್ಗೆ ಕಷ್ಟದ ಪ್ರಶ್ನೆ ಕೇಳಿದ್ರೆ ನಾನು ನೀರು ಕುಡೀಲಿಕ್ಕೆ ಹೋಗ್ತೇನೆ.

ಈ ಹುಚ್ಚು ಹಿಡಿದದ್ದು ಹೇಗೆ ಅಂದ್ರೆ, ಒಮ್ಮೆ ಬ್ರೆಜಿಲ್‌ನಿಂದ ಅದಿರು ತುಂಬಿಸ್ಕೊಂಡು ಸಿಂಗಾಪುರದ ಕಡೆ ಹೋಗ್ತಾ ಇದ್ದೆವು, ನಂದು ನಾಲ್ಕರಿಂದ ಎಂಟರ ವಾಚ್, ಅಂದ್ರೆ ಪಾಳಿ, ಮುಗಿಸಿ ಗಾಳಿಗೆ ಅಂತ ಡೆಕ್ಕಿಗೆ ಬಂದೆ, ಬಂದ್ರೆ ಮೋಡದ ಮೇಲೆ ಒಂದು ಗುಡ್ಡದ ತುದಿ ಮಾತ್ರ ಕಾಣ್ತಾ ಉಂಟು, ಕೆಳಗೆ ಎಂತದೂ ಇಲ್ಲ, ಯಾರೋ ತಂದು ಮೋಡದ ಮೇಲೆ ಇಟ್ಟ ಹಾಗೆ. ಎರಡು ವಾರದಲ್ಲಿ ನೀರು ಬಿಟ್ಟು ಬೇರೆ ಎಂತದೂ ನೋಡದ ಕಣ್ಣಿಗೆ ಅದು ಹೇಗೆ ಕಾಣ್ಬೇಡ ಹೇಳಿ. ಬ್ರಿಡ್ಜಿನಲ್ಲಿ, ಅಂದ್ರೆ ಹಡಗು ನಡೆಸುವ ಕೋಣೆಯಲ್ಲಿದ್ದ ಹುಡುಗ ಹೇಳಿದ, ಅದು ಟ್ರಿಸ್ಟನ್ ಡ ಕುನ್ಹಾ, ಅಲ್ಲಿ ಜನ ಇದ್ದಾರೆ ಸರ್ ಅಂತ. ನನಗೆ ನಂಬಿಕೆ ಬರಲಿಲ್ಲ. ಅರ್ಧ ದಿನದಲ್ಲಿ ಗುಡ್ಡ ಹಿಂದೆ ಹೋಯ್ತು, ತಲೆಯಲ್ಲಿ ಮಾತ್ರ ಕೂತುಬಿಟ್ಟಿತು. ರಿಟೈರ್ ಆದಮೇಲೆ ನಾಲ್ಕು ದಿನ ಯಾರ ಕಾಟವೂ ಇಲ್ಲದೆ ಇರಬೇಕು, ಫೋನ್ ಬೇಡ, ಮದುವೆ ಕಾಗದ ಬೇಡ, ಅಂಥ ಜಾಗ ಅಂದ್ರೆ ಅದೇ ಅಂತ ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಿತು, ಆ ಕತೆಯೇ ಇವತ್ತಿನದ್ದು.

ಎಲ್ಲಿ ಉಂಟು ಅಂತ ಮೊದಲು ನೋಡುವ. ದಕ್ಷಿಣ ಅಟ್ಲಾಂಟಿಕ್ ಸಾಗರ. ಪೂರ್ವಕ್ಕೆ ಕೇಪ್‌ಟೌನ್ ಸುಮಾರು 2,800 ಕಿ.ಮೀ., ಉತ್ತರಕ್ಕೆ ಸೇಂಟ್ ಹೆಲೆನಾ, ಅಂದ್ರೆ ನೆಪೋಲಿಯನ್‌ನ ಸೆರೆಯಲ್ಲಿಟ್ಟ ದ್ವೀಪ, ಅದು ಸುಮಾರು 2,400 ಕಿ.ಮೀ. ಅದೇ ಹತ್ತಿರದ ಊರು! ನಮಗೆ ಇಲ್ಲಿಂದ ದಿಲ್ಲಿಯೇ ಅಷ್ಟು ದೂರ ಇಲ್ಲ, ನೇರ ಗೆರೆ ಎಳೆದ್ರೆ. ದ್ವೀಪ ಇರುದು 98 ಚದರ ಕಿ.ಮೀ., ಅದರಲ್ಲೂ ಹೆಚ್ಚಿನದ್ದು ಗುಡ್ಡವೇ, 2,062 ಮೀಟರ್ ಎತ್ತರ, ಅಂದ್ರೆ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ ಮತ್ತೆ ಅದು ಸಮುದ್ರದಿಂದಲೇ ನೇರ ಎದ್ದು ನಿಂತದ್ದು. ತುದಿಯಲ್ಲಿ ಹೃದಯದ ಆಕಾರದ ಒಂದು ಕೆರೆ ಉಂಟು. ವಾಯವ್ಯದಲ್ಲಿ ಗುಡ್ಡದ ಬುಡಕ್ಕೆ ಒಂದು ಪಟ್ಟಿ ಸಮತಟ್ಟು ನೆಲ, ಅಲ್ಲಿ ಊರು. ಕಾಗದದಲ್ಲಿ ಅದರ ಹೆಸರು ಎಡಿನ್‌ಬರೋ ಆಫ್ ದ ಸೆವೆನ್ ಸೀಸ್. ಅಲ್ಲಿ ಯಾರೂ ಹಾಗೆ ಹೇಳುದಿಲ್ಲ, ಸೆಟಲ್‌ಮೆಂಟ್ ಅಂತಾರೆ. ಜನ 250ರ ಒಳಗೆ. ನಮ್ಮ ಒಂದು ಅಪಾರ್ಟ್‌ಮೆಂಟಿನಷ್ಟು.

ಏರ್‌ಪೋರ್ಟ್ ಇಲ್ಲ. ಕೇಪ್‌ಟೌನಿಂದ ವರ್ಷಕ್ಕೆ ಬೆರಳೆಣಿಕೆ ಹಡಗು, ಹೆಚ್ಚಿನದ್ದು ಮೀನಿನ ಹಡಗೇ, ಅದರಲ್ಲಿ ಒಂದು ಡಜನ್ ಜನಕ್ಕೆ ಜಾಗ. ಹೋಗ್ಬೇಕಾದ್ರೆ ಮೊದಲು ದ್ವೀಪದ ಕೌನ್ಸಿಲ್ ಒಪ್ಪಬೇಕು. ನೀನು ಯಾರು, ಯಾಕೆ ಬರ್ತಿ, ವಾಪಸ್ ಹೋಗುವ ಟಿಕೆಟ್ ಉಂಟಾ, ಹುಷಾರು ತಪ್ಪಿದ್ರೆ ಸಾಗಿಸುವ ಖರ್ಚಿಗೆ ಇನ್ಶೂರೆನ್ಸ್ ಉಂಟಾ, ಎಲ್ಲ ಕೇಳ್ತಾರೆ. ಹೆಣ್ಣು ಕೇಳ್ಲಿಕ್ಕೆ ಹೋದಾಗ ನನ್ನ ಮಾವ ಕೂಡ ಇಷ್ಟು ಕೇಳಿರಲಿಲ್ಲ. ಅಷ್ಟಾದ ಮೇಲೂ ಸೀಟು ಮೊದಲು ದ್ವೀಪದವರಿಗೆ, ಆಸ್ಪತ್ರೆಗೆ ಹೋಗಿಬರುವವರಿಗೆ, ಕೆಲಸದ ಮೇಲೆ ಹೋಗುವವರಿಗೆ, ಟೂರಿಸ್ಟ್ ಕೊನೆಗೆ. ನನಗೆ ಇದು ಸರಿ ಕಂಡಿತು. ನಮ್ಮಲ್ಲೂ ಕೆಲವು ಕಡೆ ಹೀಗೆ ಮಾಡಿದ್ರೆ ಒಳ್ಳೇದಿತ್ತು, ಬಿಡಿ, ಆ ವಿಷಯಕ್ಕೆ ಹೋದ್ರೆ ಗಲಾಟೆ ಆಗ್ತದೆ.

ಏಳು ದಿನದ ದಾರಿ. ಇದನ್ನು ಹೇಳ್ಳಿಕ್ಕೆ ನಾಚಿಕೆ ಆಗ್ತದೆ ಆದ್ರೂ ಹೇಳ್ತೇನೆ. ಎರಡು ಲಕ್ಷ ಟನ್ನಿನ ಹಡಗಲ್ಲಿ ಓಡಾಡಿದ ಮನುಷ್ಯ ನಾನು, ಆ ಸಣ್ಣ ಮೀನಿನ ಹಡಗಲ್ಲಿ ಮೊದಲ ಮೂರು ದಿನ ಬಾಲ್ದಿ ತಬ್ಬಿಕೊಂಡು ಮಲಗಿದ್ದೆ. ಎದುರಿಂದ ಪಶ್ಚಿಮದ ಗಾಳಿ, ಎದುರಿಂದಲೇ ಅಲೆ, ಹಡಗು ಹತ್ತುದು ಬೀಳುದು ಹತ್ತುದು ಬೀಳುದು. ದ್ವೀಪದ ಒಬ್ಬ ಅಜ್ಜಿ ಇದ್ರು ಅದೇ ಹಡಗಲ್ಲಿ, ಕೇಪ್‌ಟೌನಿನಲ್ಲಿ ಕಣ್ಣು ತೋರಿಸ್ಕೊಂಡು ವಾಪಸ್ ಹೋಗ್ತಾ ಇದ್ದವರು, ಅವರು ಪಕ್ಕದಲ್ಲಿ ಆರಾಮಾಗಿ ಕಾಲುಚೀಲ ಹೆಣೀತಾ ಕೂತಿದ್ರು. ಇವ ಹಡಗಿನವ ಅಂತೆ ಅಂತ ಯಾರಿಗೋ ಹೇಳಿ ನಕ್ಕದ್ದು ನನ್ನ ಕಿವಿಗೆ ಬಿತ್ತು. ಆ ಕಾಲುಚೀಲದ ವಿಷಯ ಆಮೇಲೆ ಬರ್ತದೆ.

ಇಳಿಯುವ ಮೊದಲು ಬೂಟು ತೊಳೀಬೇಕು. ಸುಮ್ಮನೆ ನೀರು ಹಾಕುದಲ್ಲ, ಜಾಕೆಟಿನ ವೆಲ್ಕ್ರೋ ಪಟ್ಟಿಯೊಳಗೆ ಸಿಕ್ಕಿಕೊಂಡ ಹುಲ್ಲಿನ ಬೀಜ ಸೂಜಿಯಲ್ಲಿ ಒಂದೊಂದೇ ತೆಗೀಬೇಕು. ನನ್ನ ಜಾಕೆಟಿಂದ ಒಂದು ಚಮಚದಷ್ಟು ಸಿಕ್ಕಿತು! ಯಾಕೆ ಇಷ್ಟೆಲ್ಲ ಅಂದ್ರೆ 1882ರಲ್ಲಿ ಒಂದು ಹಡಗು ಅಲ್ಲಿ ಒಡೆದು ಅದರಿಂದ ಇಲಿ ಇಳಿದವು, ಇವತ್ತಿಗೂ ಹೋಗಲಿಲ್ಲ. ವರ್ಷಕ್ಕೊಂದು ದಿನ ಊರಿಗೆ ಊರೇ ಇಲಿ ಬೇಟೆಗೆ ಹೋಗ್ತದೆ, ಹೆಚ್ಚು ಬಾಲ ತಂದವರಿಗೆ ಪ್ರೈಜ್, ಉದ್ದದ ಬಾಲಕ್ಕೆ ಇನ್ನೊಂದು ಪ್ರೈಜ್.

ಏಳನೇ ದಿನ ಗುಡ್ಡ ಕಂಡಿತು. ಊರಿನ ಮನೆ ಕಾಣ್ತದೆ, ಹೊಗೆ ಕಾಣ್ತದೆ, ಜನ ನಿಂತದ್ದು ಕೂಡ ಕಾಣ್ತದೆ, ಇಳೀಲಿಕ್ಕೆ ಆಗುದಿಲ್ಲ. ಅಲೆ. ಅಲ್ಲಿಯ ಬಂದರು, ಕಾಲ್‌ಶಾಟ್ ಹಾರ್ಬರ್ ಅಂತ 1967ರಲ್ಲಿ ಕಟ್ಟಿದ್ದು, ನಮ್ಮ ಮಲ್ಪೆ ಬಂದರಿನ ಒಂದು ಮೂಲೆಯಲ್ಲಿ ಇಟ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ವರ್ಷಕ್ಕೆ ಸುಮಾರು 60-70 ದಿನ ಮಾತ್ರ ಅದರಲ್ಲಿ ಕೆಲಸ ಮಾಡ್ಲಿಕ್ಕಾಗ್ತದೆ. ನಾವು ಎರಡು ದಿನ ಎದುರಲ್ಲೇ ನಿಂತೆವು. ಮೂರನೇ ದಿನ ಬೆಳಿಗ್ಗೆ ದೋಣಿ ಬಂತು. ಹಗ್ಗದ ಏಣಿ, ಕೆಳಗೆ ದೋಣಿ ಒಮ್ಮೆ ಕಾಲಿಗೆ ಸಿಗ್ತದೆ, ಇನ್ನೊಮ್ಮೆ ಒಂದು ಮಾಳಿಗೆ ಕೆಳಗೆ ಹೋಗ್ತದೆ. ದೋಣಿಯಲ್ಲಿ ಇಬ್ಬರು ಕೈ ಮೇಲೆ ಮಾಡಿ ನಿಂತಿದ್ದಾರೆ, ಒಬ್ಬ ಅಲೆ ನೋಡ್ತಾ ಇದ್ದಾನೆ, ನನ್ನನ್ನು ನೋಡುದೇ ಇಲ್ಲ. ಅವ "ನೌ" ಅಂದಾಗ ಬಿಡಬೇಕು, ಯೋಚನೆ ಮಾಡಿದ್ರೆ ಕೆಟ್ಟಿತು. ಅಂದ, ಬಿಟ್ಟೆ. ಎರಡು ತೋಳಿಗೆ ಎರಡು ಕೈ ಬಿತ್ತು, ಕಬ್ಬಿಣದ ಹಾಗೆ. ನೀಲಿ ಗುರುತು ವಾರ ಇತ್ತು.

ದಡದಲ್ಲಿ ನಿಂತವರಲ್ಲಿ ಒಬ್ಬ ಕೇಳಿದ, "ಹೌ ಯೂ ಈಸ್?" ಅಂತ. ಅವರ ಇಂಗ್ಲಿಷೇ ಹಾಗೆ, ಇನ್ನೂರು ವರ್ಷದಿಂದ ಬೇರೆ ಬೇರೆ ಕಡೆಯವರು ಸೇರಿ ತಮ್ಮಷ್ಟಕ್ಕೆ ಬೆಳೆಸಿದ್ದು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ ಹೇಳಿದ, ಮೂರು ದಿನ ಊಟ ಮಾಡಲಿಲ್ಲ ಅಂತಲ್ಲಾ ನೀನು ಅಂತ! ಅಜ್ಜಿ ನನಗಿಂತ ಮೊದಲಿನ ದೋಣಿಯಲ್ಲಿ ಇಳಿದಿದ್ರು, ಸುದ್ದಿ ಊರು ಮುಟ್ಟಿತ್ತು. ಒಂಟಿಯಾಗಿರ್ಲಿಕ್ಕೆ ಬಂದದ್ದು ನಾನು.

ಹೋಟೆಲ್ ಇಲ್ಲ, ಯಾರದ್ದಾದ್ರೂ ಮನೆಯಲ್ಲಿ ಇರಬೇಕು. ಎಟಿಎಂ ಇಲ್ಲ. ಒಂದು ಅಂಗಡಿ, ಒಂದು ಶಾಲೆ, ಒಂದು ಆಸ್ಪತ್ರೆ, ಒಂದು ಬಾರ್, ಎರಡು ಚರ್ಚ್. ನಾನಿದ್ದ ಮನೆಯವರು ಬಹಳ ಒಳ್ಳೆಯವರು. ಆದ್ರೆ ಬೆಳಿಗ್ಗೆ ಒಬ್ಬನೇ ನಡೀತೇನೆ ಅಂತ ಹೊರಟ್ರೆ ಎದುರು ಬಂದ ಪ್ರತಿಯೊಬ್ಬರೂ ನಿಲ್ಲಿಸ್ತಾರೆ, ಎಲ್ಲಿಗೆ, ಗುಡ್ಡದ ಕಡೆ ಒಬ್ಬನೇ ಹೋಗಬೇಡ, ಮಂಜು ಇಳೀತದೆ, ಗೈಡ್ ಬೇಕು. ವಾಪಸ್ ಬರುವಷ್ಟರಲ್ಲಿ ನಾನು ಎಲ್ಲಿ ಕೂತು ಎಷ್ಟು ಹೊತ್ತು ಸಮುದ್ರ ನೋಡಿದೆ ಅಂತ ಮನೆಯಮ್ಮನಿಗೆ ಗೊತ್ತು. ಮೊದಲ ಎರಡು ದಿನ ಸಿಟ್ಟು ಬಂತು, ಸುಳ್ಳು ಹೇಳುದು ಯಾಕೆ. ನನ್ನಜ್ಜಿ ಮನೆ ಊರಿನಲ್ಲೂ ಹೀಗೇ ಇತ್ತು, ಅದರಿಂದ ಓಡಿಹೋಗ್ಲಿಕ್ಕೇ ನಾನು ಹಡಗು ಹತ್ತಿದ್ದು.

ಈಗ ಅಲ್ಲಿ ಜನ ಹೇಗೆ ಬಂದ್ರು ಅಂತ. 1506ರಲ್ಲಿ ಪೋರ್ಚುಗೀಸರ ಟ್ರಿಸ್ಟಾವೊ ಡ ಕುನ್ಹಾ ನೋಡಿ ತನ್ನ ಹೆಸರಿಟ್ಟ, ಇಳಿಯಲಿಲ್ಲ, ಮುಂದೆ ನಮ್ಮ ಹಿಂದೂ ಮಹಾಸಾಗರದ ಕಡೆ ಬಂದ. 1810ರಲ್ಲಿ ಜೊನಾಥನ್ ಲ್ಯಾಂಬರ್ಟ್ ಅಂತ ಅಮೆರಿಕದವ ಬಂದು ಇದು ನನ್ನದು ಅಂತ ಘೋಷಣೆ ಮಾಡಿದ, ಎರಡೇ ವರ್ಷದಲ್ಲಿ ಸಮುದ್ರಪಾಲಾದ. 1816ರಲ್ಲಿ ಬ್ರಿಟಿಷರು ಸೈನಿಕರನ್ನು ಇಳಿಸಿದ್ರು. ಯಾಕೆ ಗೊತ್ತುಂಟಾ? ಸೇಂಟ್ ಹೆಲೆನಾದಿಂದ ನೆಪೋಲಿಯನ್‌ನ ಬಿಡಿಸ್ಲಿಕ್ಕೆ ಯಾರಾದ್ರೂ ಇಲ್ಲಿ ಬೀಡು ಬಿಟ್ರೆ ಅಂತ! 2,400 ಕಿ.ಮೀ. ದೂರಕ್ಕೆ ಕಾವಲು. ಒಂದು ವರ್ಷದಲ್ಲಿ ಬುದ್ಧಿ ಬಂದು ವಾಪಸ್ ಕರೆಸಿದ್ರು, ಆಗ ಸ್ಕಾಟ್ಲೆಂಡಿನ ವಿಲಿಯಂ ಗ್ಲಾಸ್ ಅಂತ ಒಬ್ಬ, ಹೆಂಡತಿ ಮಕ್ಕಳ ಜೊತೆ ನಾನಿಲ್ಲೇ ಇರ್ತೇನೆ ಅಂದ. ಅವನೂ ಇನ್ನಿಬ್ಬರೂ ಸೇರಿ 1817ರಲ್ಲಿ ಒಂದು ಕಾಗದ ಮಾಡ್ಕೊಂಡ್ರು. ಸಾಮಾನು ಎಲ್ಲರಿಗೂ ಸಮಪಾಲು, ಖರ್ಚೂ ಸಮಪಾಲು, ಯಾರೂ ಯಾರಿಗೂ ಮೇಲಲ್ಲ. ಆಮೇಲೆ ಗಂಡಸರು ಜಾಸ್ತಿ ಆದ್ರು, ಹೆಣ್ಣುಗಳಿಲ್ಲ. 1827ರಲ್ಲಿ ಒಂದು ಹಡಗಿನ ಕ್ಯಾಪ್ಟನ್‌ಗೆ ಹೇಳಿ ಕಳಿಸಿ ಸೇಂಟ್ ಹೆಲೆನಾದಿಂದ ಐದು ಹೆಂಗಸರು ಬಂದ್ರು. ದಡದಲ್ಲಿ ಐದು ಗಂಡಸರು ಕಾಯ್ತಾ ನಿಂತಿದ್ರಂತೆ. ಆ ಹೆಂಗಸರು ದೋಣಿಯಿಂದ ಇವರನ್ನು ನೋಡಿದಾಗ ಎಂತ ಅನಿಸಿರಬಹುದು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಅದನ್ನು ಯಾರೂ ಬರೆದಿಡಲಿಲ್ಲ.

ಹಳೇ ಅಡ್ಡಹೆಸರು ಇರುದು ಏಳೇ, ಗ್ಲಾಸ್, ಸ್ವೇನ್, ಗ್ರೀನ್, ರೋಜರ್ಸ್, ಹೇಗನ್, ರೆಪೆಟ್ಟೊ, ಲವರೆಲ್ಲೊ. ಗ್ರೀನ್ ಅಂದ್ರೆ ಹಾಲೆಂಡಿನ ಗ್ರೂನ್ ಅಂತ ಇದ್ದವ, ಕೊನೆಯ ಎರಡು ಇಟಲಿಯದ್ದು, 1892ರಲ್ಲಿ ಹಡಗು ಒಡೆದು ಬಂದವರಲ್ಲಿ ಇಬ್ಬರು ಅಲ್ಲೇ ನಿಂತದ್ದು. ಎಲ್ಲರೂ ಎಲ್ಲರಿಗೂ ನೆಂಟರು. ಇದರಿಂದ ಒಂದು ತೊಂದರೆಯೂ ಆಯ್ತು, ಮೊದಲು ಬಂದವರಲ್ಲಿ ಕೆಲವರಿಗೆ ಅಸ್ತಮಾ ಇತ್ತು, ಈಗ ಊರಿನ ಅರ್ಧದಷ್ಟು ಜನಕ್ಕೆ ಅದರ ಉಪದ್ರ ಉಂಟು. ಕೆನಡಾದ ಟೊರಾಂಟೊದಿಂದ ವಿಜ್ಞಾನಿಗಳು ಬಂದು ಅಸ್ತಮಾದ ಜೀನ್ ಹುಡುಕ್ಲಿಕ್ಕೆ ಇವರ ರಕ್ತ ತಗೊಂಡು ಹೋಗಿದ್ರು.

ಬಟಾಟೆಗೆ ಬರುವ. ಊರಿಂದ ಒಂದೇ ರಸ್ತೆ, ಮೂರು ಕಿಲೋಮೀಟರ್ ಚಿಲ್ಲರೆ, ಅದರ ಕೊನೆಗೆ ಪ್ಯಾಚಸ್ ಅಂತ ಬಟಾಟೆ ಗದ್ದೆಗಳು. ಗದ್ದೆ ಅಂದ್ರೆ ನಮ್ಮ ಗದ್ದೆ ಅಲ್ಲ, ಕಪ್ಪು ಲಾವಾ ಕಲ್ಲಿನ ಸೊಂಟದೆತ್ತರದ ಪಾಗಾರ, ಒಳಗೆ ಒಂದು ದೊಡ್ಡ ಅಂಗಳದಷ್ಟು ಜಾಗ, ಅಂಥದ್ದು ರಾಶಿ. ಪಾಗಾರ ದನಕ್ಕೂ ಹೌದು, ಹೆಚ್ಚಾಗಿ ಗಾಳಿಗೆ. ನಾನು ಹೋದದ್ದು ಅಗೆಯುವ ಟೈಮು. ಮನೆಯವರ ಜೊತೆ ಒಂದು ದಿನ ಹೋದೆ, ಅತಿಥಿ ಅಂತ ಕೂರಿಸ್ತಾರೆ ಅಂದ್ಕೊಂಡಿದ್ದೆ, ಮಣ್ಣು ಅಗೆಯುವ ಒಂದು ಫೋರ್ಕ್ ಕೈಗೆ ಕೊಟ್ರು. ಮಣ್ಣು ಕಪ್ಪು, ಹಗುರ, ಉಗುರಿನೊಳಗೆ ಹೋದ್ರೆ ವಾರ ಬರುದಿಲ್ಲ. ನಾನು ಫೋರ್ಕ್ ಹಾಕಿದಲ್ಲೆಲ್ಲ ಬಟಾಟೆಗೇ ತೂತು. ಮನೆಯ ಯಜಮಾನ ಏನೂ ಹೇಳಲಿಲ್ಲ, ತೂತು ಬಿದ್ದದ್ದನ್ನೆಲ್ಲ ಬೇರೆ ಒಂದು ಬಕೆಟಿಗೆ ಹಾಕ್ತಾ ಹೋದ. ಸಂಜೆ ಪಕ್ಕದ ಗದ್ದೆಯವರು ಬಂದು ಆ ಬಕೆಟನ್ನು ನೋಡಿ, ಆಮೇಲೆ ನನ್ನನ್ನು ನೋಡಿದ್ರು. ಆ ರಾತ್ರಿ ಊಟಕ್ಕೆ ಅದೇ ಬಕೆಟಿನದ್ದು.

ಬಟಾಟೆ ಅಲ್ಲಿ ಬರೀ ಊಟ ಅಲ್ಲ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯವರು ಬರುವ ತನಕ ಅಲ್ಲಿ ದುಡ್ಡಿನ ವ್ಯವಹಾರವೇ ಇರಲಿಲ್ಲ. ಅಂಚೆ ಚೀಟಿ ಬೇಕು ಅಂತ 1946ರಲ್ಲಿ ಒಂದು ಮಾದರಿ ಮಾಡಿ ಕಳಿಸಿದ್ರು, ಅದರ ಮೇಲೆ ಬೆಲೆ ಹೇಗೆ ಬರೆದಿತ್ತು ಅಂದ್ರೆ ಒಂದು ಪೆನ್ನಿ, ಪಕ್ಕದಲ್ಲಿ, ನಾಲ್ಕು ಬಟಾಟೆ! ಲಂಡನ್ನಿನವರು ಒಪ್ಪಲಿಲ್ಲ. ಇವತ್ತಿಗೂ ಜಮೀನು ಯಾರ ಸ್ವಂತದ್ದೂ ಅಲ್ಲ, ಎಲ್ಲರದ್ದು, ಹೊರಗಿನವರು ಒಂದು ಸೆಂಟ್ಸ್ ತಗೊಳ್ಳಿಕ್ಕಾಗುದಿಲ್ಲ. ಒಂದು ಮನೆಗೆ ಇಷ್ಟೇ ದನ ಇಷ್ಟೇ ಕುರಿ ಅಂತ ಲೆಕ್ಕ ಉಂಟು, ಒಬ್ಬ ಜಾಸ್ತಿ ಕಟ್ಟಿದ್ರೆ ಇನ್ನೊಬ್ಬನ ಹುಲ್ಲು ಹೋಗ್ತದಲ್ಲ. ದುಡ್ಡು ಬರುದು ಲಾಬ್ಸ್ಟರ್‌ನಿಂದ. ಸಮುದ್ರ ಒಳ್ಳೇದಿದ್ದ ದಿನ ಬೆಳಿಗ್ಗೆ ಬೇಗ ಒಂದು ಹಳೇ ಗ್ಯಾಸ್ ಸಿಲಿಂಡರ್ ತೂಗುಹಾಕಿದ್ದನ್ನು ಬಾರಿಸ್ತಾರೆ, ಡಾಂಗ್ ಅಂತ ಅದರ ಹೆಸರು, ಬಾರಿಸಿದ್ರೆ ಆಫೀಸಿನ ಕೆಲಸದವನೂ ಬಡಗಿಯೂ ಎಲ್ಲ ದೋಣಿಗೆ. ಊರಿಗೆ ಕರೆಂಟ್ ಬರುದೂ ಮೀನಿನ ಫ್ಯಾಕ್ಟರಿಯ ಜನರೇಟರಿಂದ, 2008ರಲ್ಲಿ ಫ್ಯಾಕ್ಟರಿಗೆ ಬೆಂಕಿ ಬಿದ್ದಾಗ ದುಡಿಮೆಯೂ ಕರೆಂಟೂ ಒಟ್ಟಿಗೇ ಹೋಗಿತ್ತು.

ಈಗ ಜ್ವಾಲಾಮುಖಿ. ನೀವೆಲ್ಲ ಅದಕ್ಕೇ ಬಂದದ್ದು ಅಂತ ಗೊತ್ತುಂಟು.

ಊರಿನ ಪಕ್ಕದಲ್ಲೇ, ಪಕ್ಕ ಅಂದ್ರೆ ಕೊನೆಯ ಮನೆಯಿಂದ ಕಲ್ಲೆಸೆದ್ರೆ ಬೀಳುವಷ್ಟು, ಒಂದು ಕಪ್ಪು ದಿಬ್ಬ ಉಂಟು. 1961ರ ಆಗಸ್ಟಲ್ಲಿ ನೆಲ ಅಲುಗ್ಲಿಕ್ಕೆ ಶುರುವಾಯ್ತು, ಬಾಗಿಲು ಸಿಕ್ಕಿಹಾಕಿಕೊಳ್ಳುದು, ಗುಡ್ಡದಿಂದ ಕಲ್ಲು ಉರುಳುದು. ಅಕ್ಟೋಬರಲ್ಲಿ ಊರಿನ ಹತ್ತಿರದ ಹುಲ್ಲುಗಾವಲು ಬಿರುಕು ಬಿಟ್ಟು ನೆಲ ಊದಿಕೊಳ್ತಾ ಬಂತು, ಹಿಟ್ಟು ಉಬ್ಬಿದ ಹಾಗೆ. ಎರಡು ಸಾವಿರ ಮೀಟರ್ ಗುಡ್ಡದ ತುದಿ ಬಿಟ್ಟು ಅದು ಬಾಯಿ ಬಿಟ್ಟದ್ದು ಮನೆ ಹಿತ್ತಲಲ್ಲಿ! ಎಲ್ಲರೂ ಬಟಾಟೆ ಗದ್ದೆಗೆ ಓಡಿ ಅಲ್ಲಿನ ಗುಡಿಸಲಲ್ಲಿ ರಾತ್ರಿ ಕಳೆದ್ರು, ಮರುದಿನ, 10ನೇ ತಾರೀಕು, ಮೀನಿನ ದೋಣಿಗಳಲ್ಲಿ 38 ಕಿ.ಮೀ. ದೂರದ ನೈಟಿಂಗೇಲ್ ದ್ವೀಪಕ್ಕೆ, ಅಲ್ಲಿಂದ ಒಂದು ಡಚ್ ಹಡಗು ಹತ್ತಿ ಕೇಪ್‌ಟೌನಿಗೆ, ಮತ್ತೆ ಇಂಗ್ಲೆಂಡಿಗೆ. 264 ಜನ. ಒಬ್ಬರಿಗೂ ಪೆಟ್ಟಾಗಲಿಲ್ಲ. ನವೆಂಬರಿನ ಚಳಿಯಲ್ಲಿ ಹೋಗಿ ಇಳಿದದ್ದು, ಗಾಳಿ ಹೊಸದು, ಶೀತ ಜ್ವರ ಎಲ್ಲ ಹೊಸದು, ಕೆಲವು ಹಿರಿಯರು ಅಲ್ಲೇ ತೀರಿಹೋದ್ರು. ಉಳಿದವರನ್ನು ಸೌತಾಂಪ್ಟನ್ ಹತ್ತಿರ ಕಾಲ್‌ಶಾಟ್ ಅನ್ನುವಲ್ಲಿ ಇಟ್ರು, ಆಮೇಲೆ ಅದೇ ಹೆಸರು ಬಂದರಿಗೂ ಹೋಯ್ತು. ಕೆಲಸ ಕೊಟ್ರು, ಮನೆ ಕೊಟ್ರು. ಟಿವಿ, ಸಿನೆಮಾ, ಬಸ್ಸು, ಎಲ್ಲ ಸಿಕ್ಕಿತು. ಇವರು ಇನ್ನು ವಾಪಸ್ ಹೋಗುದಿಲ್ಲ ಅಂತಲೇ ಸರಕಾರದವರು ತಿಳ್ಕೊಂಡಿದ್ರು. 1962ರ ಕೊನೆಗೆ ವೋಟು ಹಾಕಿಸಿದ್ರು. ವಾಪಸ್ ಹೋಗ್ಬೇಕು ಅಂತ 148. ಬೇಡ ಅಂತ 5.

1963ರಲ್ಲಿ ಬಂದ್ರು. ಲಾವಾ ಫ್ಯಾಕ್ಟರಿಯನ್ನೂ ದೋಣಿ ಇಳಿಸುವ ಕಡಲ ದಡವನ್ನೂ ನುಂಗಿತ್ತು, ಮನೆ ಹೋದದ್ದು ಒಂದೇ. ಬಿಟ್ಟುಹೋದ ನಾಯಿಗಳು ಕಾಡುನಾಯಿ ಆಗಿ ಕುರಿಗಳನ್ನೆಲ್ಲ ಮುಗಿಸಿದ್ದವು. ಎಲ್ಲರೂ ಸುಖವಾಗಿ ಇದ್ರು ಅಂತ ಹೇಳ್ತಾ ಇಲ್ಲ, ಕೆಲವರು ಆಮೇಲೆ ಮತ್ತೆ ಇಂಗ್ಲೆಂಡಿಗೇ ಹೋದ್ರು. ಆ ದಿಬ್ಬದ ಮೇಲೆ ನಾನು ಹತ್ತಿದೆ, ಒಬ್ಬ ಹಿರಿಯರ ಜೊತೆ, 61ರಲ್ಲಿ ಅವರು ಶಾಲೆ ಹುಡುಗ. ಕಲ್ಲು ಎಲ್ಲ ಬ್ಲೇಡಿನ ಹಾಗೆ, ಕೈ ಊರಿದ್ರೆ ಕೊಯ್ತದೆ. ನಿಮಗೆ ಇಂಗ್ಲೆಂಡಲ್ಲಿ ಎಂತ ಕಷ್ಟ ಆಯ್ತು ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು, ಅಲ್ಲಿ ಅಮ್ಮ ಪ್ರತಿ ರಾತ್ರಿ ಬಾಗಿಲಿಗೆ ಬೀಗ ಹಾಕ್ಲಿಕ್ಕೆ ಕಲಿತಳು ಅಂತ. ಅಷ್ಟೇ ಹೇಳಿದ್ದು.

ಅವತ್ತಿಂದ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಮತ್ತೆ ಇನ್ನೊಂದು ವಿಷಯ ಕೇಳಿದೆ. 1885ರಲ್ಲಿ ಒಂದು ಹಡಗು ಹತ್ತಿರ ಹೋಗ್ತಾ ಇತ್ತು, ಬಟಾಟೆ ಕೊಟ್ಟು ಸಾಮಾನು ತರುವ ಅಂತ 15 ಗಂಡಸರು ಒಂದೇ ದೋಣಿಯಲ್ಲಿ ಹೋದ್ರು, ಒಬ್ಬನೂ ವಾಪಸ್ ಬರಲಿಲ್ಲ. ಊರಿನ ದುಡಿಯುವ ಗಂಡಸರು ಹೆಚ್ಚುಕಮ್ಮಿ ಅಷ್ಟೇ ಇದ್ದದ್ದು. ಯಾರು ಎಲ್ಲಿ ಹೋದ ಎಷ್ಟು ಹೊತ್ತಾಯ್ತು ಅಂತ ಅಲ್ಲಿಯವರು ಕೇಳುದಕ್ಕೆ ಇಂಥ ಕಾರಣ ಉಂಟು, ಬರೀ ಬಾಯಿ ಚಪಲ ಅಲ್ಲ. ಬಾಯಿ ಚಪಲವೂ ಉಂಟು, ಇಲ್ಲ ಅಂತಲ್ಲ.

ಹಡಗಿನವನಾಗಿ ನನಗೆ ನಾಚಿಕೆಯಾದ ಒಂದು ಘಟನೆ ಹೇಳಿ ಮುಂದೆ ಹೋಗ್ತೇನೆ. 2011ರ ಮಾರ್ಚ್ 16, ಓಲಿವಾ ಅಂತ ಹಡಗು, ಬ್ರೆಜಿಲ್‌ನಿಂದ ಸಿಂಗಾಪುರಕ್ಕೆ ಸೋಯಾ ತುಂಬಿಸ್ಕೊಂಡು, ಸುಮಾರು ನನ್ನದೇ ದಾರಿ, ಬೆಳಗಾಗುವ ಮೊದಲು ಹೋಗಿ ನೈಟಿಂಗೇಲ್ ದ್ವೀಪಕ್ಕೆ ಗುದ್ದಿತು. ಸಾವಿರಾರು ಕಿಲೋಮೀಟರ್ ಖಾಲಿ ಸಮುದ್ರದಲ್ಲಿ ಇರುವ ಒಂದು ಚುಕ್ಕೆಗೆ! 22 ಜನರನ್ನೂ ಉಳಿಸಿದ್ರು, ದ್ವೀಪದವರು ಮನೆಗೆ ಕರ್ಕೊಂಡು ಹೋಗಿ ಊಟ ಹಾಕಿದ್ರು. ಹಡಗಿನ ಇಂಧನದ ಎಣ್ಣೆ ಮಾತ್ರ ಪೆಂಗ್ವಿನ್‌ಗಳ ಮೇಲೆ. ತಲೆಯಲ್ಲಿ ಹಳದಿ ಜುಟ್ಟು ಇರುವ ರಾಕ್‌ಹಾಪರ್, ಅಲ್ಲಿಯವರು ಪಿನ್ನಮಿನ್ ಅಂತಾರೆ. ಸುಮಾರು 3,700 ಪೆಂಗ್ವಿನ್ ಹಿಡಿದು ತಂದು, ಶೆಡ್ಡಿನಲ್ಲಿಟ್ಟು, ಒಂದೊಂದನ್ನೇ ತೊಳೆದು, ಮೀನು ತಿನ್ನಿಸಿ, ಮಕ್ಕಳ ಈಜುಕೊಳವನ್ನೂ ಅವಕ್ಕೇ ಬಿಟ್ಟುಕೊಟ್ರು. ಉಳಿದದ್ದು ಹತ್ತರಲ್ಲಿ ಒಂದರಷ್ಟು. ಒಂದು ಹಕ್ಕಿ ತೊಳೀಲಿಕ್ಕೆ ಎಷ್ಟು ಹೊತ್ತು ಬೇಕು, ಅದು ಹೇಗೆ ಕಚ್ಚುತ್ತದೆ ಅಂತ ಮನೆಯಮ್ಮ ತನ್ನ ಮಣಿಕಟ್ಟಿನ ಕಲೆ ತೋರಿಸಿ ಹೇಳಿದ್ರು.

ಇನ್ನು ಪ್ರಶ್ನೆಗಳು ಬಂದದ್ದರಲ್ಲಿ ಎರಡು ಇಲ್ಲಿ ಹಾಕ್ತೇನೆ. ಒಬ್ಬರು ಕೇಳಿದ್ರು, ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ನಾವು ತೋನ್ಸೆಪಾರ್ ಅನ್ನುದು, ಅದೂ ಜ್ವಾಲಾಮುಖಿಯ ಕಲ್ಲೇ ಅಲ್ವಾ ಅಂತ. ಹೌದು, ಆ ಕಂಬ ಕಂಬದ ಕಲ್ಲು ಲಾವಾ ತಣ್ಣಗಾಗಿ ಆದದ್ದು, ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋಗುವ ಕಾಲದ್ದು. ಟ್ರಿಸ್ಟನ್ ಅದರೆದುರು ನಿನ್ನೆ ಹುಟ್ಟಿದ ಮಗು. ಇನ್ನೊಬ್ಬರು ಹಿರಿಯರು ಎದ್ದು ಸಸ್ಯಾಹಾರಿಗಳಿಗೆ ಅಲ್ಲಿ ಎಂತ ವ್ಯವಸ್ಥೆ ಅಂತ ಕೇಳಿದ್ರು. ಬಟಾಟೆ ಸ್ವಾಮಿ. ಬೆಳಿಗ್ಗೆ ಬಟಾಟೆ, ರಾತ್ರಿ ಬಟಾಟೆ.

ಕಾಲುಚೀಲ ಬಾಕಿ ಆಯ್ತು. ಅಲ್ಲಿ ಕುರಿ ಉಣ್ಣೆಯಿಂದ ಕೈಯಲ್ಲೇ ನೂಲು ತೆಗೆದು ಕಾಲುಚೀಲ ಹೆಣೀತಾರೆ, ಮೇಲ್ಗಡೆ ಬಣ್ಣದ ಗೆರೆ. ಹಿಂದಿನ ಕಾಲದಲ್ಲಿ ಹುಡುಗಿ ಹುಡುಗನಿಗೆ ಹೆಣೆದು ಕೊಡುವಾಗ ಗೆರೆ ಎಷ್ಟು ಜಾಸ್ತಿಯೋ ಪ್ರೀತಿ ಅಷ್ಟು ಅಂತ ಲೆಕ್ಕ, ಲವ್ ಸಾಕ್ಸ್ ಅಂತಲೇ ಹೆಸರು. ನಾನು ಅದು ಗೊತ್ತಿಲ್ಲದೆ ಹೆಂಡತಿಗೆ ಅಂತ ಅಂಗಡಿಯಲ್ಲಿ ಒಂದು ಜೊತೆ ತಗೊಂಡೆ, ಸಾದಾ ಇದ್ದದ್ದು ಚಂದ ಕಂಡಿತು, ಒಂದೇ ಗೆರೆ. ಸಂಜೆ ಬಾರಿಗೆ ಹೋದ್ರೆ ಒಬ್ಬ ಹೆಗಲ ಮೇಲೆ ಕೈ ಹಾಕಿ ಬಹಳ ಬೇಜಾರದಲ್ಲಿ ಕೇಳಿದ, ಮನೆಯಲ್ಲಿ ಎಲ್ಲ ಸರಿ ಉಂಟಲ್ಲ ಅಂತ. ಮರುದಿನ ಹಡಗು ಹತ್ತುವ ಮೊದಲು ನನ್ನ ಅಜ್ಜಿ, ಅದೇ ಹಡಗಿನ ಅಜ್ಜಿ, ದಡಕ್ಕೆ ಬಂದು ಒಂದು ಕಾಗದದ ಪೊಟ್ಟಣ ಕೈಯಲ್ಲಿಟ್ರು. ನನ್ನ ಎದುರು ಹೆಣೀತಾ ಇದ್ದದ್ದೇ. ಆರು ಗೆರೆ. ಇದು ಅವಳಿಗೆ ಕೊಡು, ಅದನ್ನು ನೀನೇ ಹಾಕಿಕೋ ಅಂದ್ರು.

ಹೆಂಡತಿಗೆ ಈ ಕತೆಯೆಲ್ಲ ಹೇಳಿರಲಿಲ್ಲ. ಮೊದಲನೇ ಸಾಲಲ್ಲಿ ಕೂತಿದ್ದಾಳೆ, ಈಗ ಗೊತ್ತಾಯ್ತು.